ವಕೀಲ ಬರಲಿಲ್ಲ, ಕಕ್ಷಿದಾರ ಉಳಿಯಲಿಲ್ಲ: 76230 ನಂಬರಿನ ಕೋವಿಯ ಕೇಸು

1938ರ ಏಪ್ರಿಲ್ 18. ಅಮೆರಿಕದ ಒಕ್ಲಹಾಮಾ ರಾಜ್ಯದ ಕ್ಲೇರ್‌ಮೋರ್ ಎಂಬ ಊರಿನಿಂದ ಇಬ್ಬರು ಪಕ್ಕದ ಆರ್ಕನ್ಸಾ ರಾಜ್ಯದ ಸೈಲೋಮ್ ಸ್ಪ್ರಿಂಗ್ಸ್ ಕಡೆಗೆ ಹೊರಟರು. ಒಬ್ಬ ಜಾಕ್ ಮಿಲ್ಲರ್, ಇನ್ನೊಬ್ಬ ಫ್ರಾಂಕ್ ಲೇಟನ್. ಇಬ್ಬರದ್ದೂ ಪೊಲೀಸರಿಗೆ ಪರಿಚಯವಿದ್ದ ಮುಖ. ಜೊತೆಗೆ ಒಂದು ಕೋವಿ ಇತ್ತು. ಸ್ಟೀವನ್ಸ್ ಕಂಪನಿಯದು, ಜೋಡು ನಳಿಗೆ, 12 ಬೋರು, ನಂಬರ್ 76230. ನಳಿಗೆಯ ಉದ್ದ 18 ಇಂಚಿಗಿಂತ ಕಡಿಮೆ.

ಅವರು ಸಿಕ್ಕಿಬಿದ್ದರು. ಆರೋಪ ಕೊಲೆಯೂ ಅಲ್ಲ, ದರೋಡೆಯೂ ಅಲ್ಲ. ಈ ಗಿಡ್ಡ ಕೋವಿಯನ್ನು ನೋಂದಾಯಿಸದೆ, ಅದಕ್ಕೆ ಬೇಕಾದ ತೆರಿಗೆ ಚೀಟಿ ಅಂಟಿಸಿದ ಕಾಗದ ಇಲ್ಲದೆ ರಾಜ್ಯದ ಗಡಿ ದಾಟಿಸಿದರು ಅನ್ನೋದಷ್ಟೇ ಆರೋಪ. ಇಷ್ಟು ಸಣ್ಣ ವಿಷಯ ಒಂದು ವರ್ಷದಲ್ಲಿ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಹೋಯಿತು. ಅಲ್ಲಿ ಬಂದ ತೀರ್ಪು ಮುಂದಿನ 69 ವರ್ಷ ಅಮೆರಿಕದ ಕೋವಿ ಕಾನೂನಿನ ತಳಗಲ್ಲಾಗಿ ಕೂತಿತು. ಕಾನೂನು ಪುಸ್ತಕಗಳಲ್ಲಿ ಅದರ ಹೆಸರು 'ಯುನೈಟೆಡ್ ಸ್ಟೇಟ್ಸ್ ವರ್ಸಸ್ ಮಿಲ್ಲರ್'.

ಅಮೆರಿಕದಲ್ಲಿ ಗುಂಡಿನ ದಾಳಿಯ ಸುದ್ದಿ ಬಂದಾಗಲೆಲ್ಲ ನಮ್ಮಲ್ಲೂ ಒಂದು ಪ್ರಶ್ನೆ ಏಳುತ್ತದೆ: ಅವರು ಯಾಕೆ ಸುಮ್ನೆ ಒಂದು ಕಾನೂನು ಮಾಡಿ ಇದನ್ನೆಲ್ಲ ನಿಲ್ಲಿಸಬಾರದು? ಉತ್ತರ ಹುಡುಕೋರಿಗೆ ನಾನು ಈ ಹಳೇ ಕೇಸನ್ನೇ ತೋರಿಸೋದು. ಯಾಕೆಂದರೆ ಎರಡೂ ಕಡೆಯವರು ಇದನ್ನೇ ಹಿಡಿದುಕೊಂಡು ಜಗಳ ಆಡುತ್ತಾರೆ. ಇಬ್ಬರಿಗೂ ಇದರಲ್ಲಿ ಬೇಕಾದ್ದು ಸಿಗುತ್ತದೆ. ಯಾಕೆ ಹಾಗಾಯಿತು ಅನ್ನೋದೇ ಇಲ್ಲಿನ ಕತೆ.

ಇಪ್ಪತ್ತೇಳು ಪದ

ಮೊದಲು ಮೂಲ ವಾಕ್ಯ. ಅಮೆರಿಕದ ಸಂವಿಧಾನದ ಎರಡನೇ ತಿದ್ದುಪಡಿ 1791ರದ್ದು. ಇಂಗ್ಲಿಷಿನಲ್ಲಿ ಬರೀ 27 ಪದ. ಕನ್ನಡದಲ್ಲಿ ಹೇಳೋದಾದರೆ ಹೀಗೆ: ಸ್ವತಂತ್ರ ರಾಜ್ಯದ ಭದ್ರತೆಗೆ ಶಿಸ್ತಿನ ನಾಗರಿಕ ಪಡೆ ಅಗತ್ಯವಾದ್ದರಿಂದ, ಆಯುಧ ಇಟ್ಟುಕೊಳ್ಳುವ ಮತ್ತು ಹಿಡಿಯುವ ಜನರ ಹಕ್ಕಿಗೆ ಭಂಗ ತರಕೂಡದು.

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಈ ವಾಕ್ಯದ ಎರಡು ಭಾಗವೂ ಹಾಗೇ. ಮೊದಲ ಭಾಗ ಹಿಡಿದವರು 'ಇದು ನಾಗರಿಕ ಪಡೆಗೆ ಸಂಬಂಧಿಸಿದ ಹಕ್ಕು, ಪಡೆ ಇಲ್ಲದ ಕಡೆ ಹಕ್ಕೂ ಇಲ್ಲ' ಅನ್ನುತ್ತಾರೆ. ಎರಡನೇ ಭಾಗ ಹಿಡಿದವರು 'ಜನರ ಹಕ್ಕು ಅಂತ ಬರೆದಿದೆ, ಜನ ಅಂದರೆ ನಾನು' ಅನ್ನುತ್ತಾರೆ. ಆ ಕಾಲದ ಪಡೆ ಅಂದರೆ ಬ್ಯಾರಕ್ಕಿನಲ್ಲಿರೋ ಸೈನ್ಯ ಅಲ್ಲ. 1792ರ ಕಾನೂನಿನ ಪ್ರಕಾರ 18ರಿಂದ 45 ವರ್ಷದ ಪ್ರತಿ ಗಟ್ಟಿಮುಟ್ಟಾದ ಬಿಳಿಯ ಗಂಡಸು ತನ್ನ ಸ್ವಂತ ದುಡ್ಡಿನಲ್ಲಿ ಬಂದೂಕು, ಬಯೊನೆಟ್ಟು, ಎರಡು ಚಕಮಕಿ ಕಲ್ಲು, ಕನಿಷ್ಠ 24 ತೋಟಾ ಇಟ್ಟುಕೊಂಡಿರಬೇಕಿತ್ತು. ಕೋವಿ ಇಟ್ಟುಕೊಳ್ಳೋದು ಹಕ್ಕಿಗಿಂತ ಜಾಸ್ತಿ ಕರ್ತವ್ಯವೇ ಆಗಿತ್ತು.

ನಮ್ಮ ಕೊಡಗಿನ ಕೋವಿ ನೆನಪಾಗೋದು ಸಹಜ. ಆದರೆ ಅಲ್ಲಿರೋದು ವಿನಾಯಿತಿ. ಬ್ರಿಟಿಷರ ಕಾಲದಿಂದ ಕೊಡವರಿಗೆ ಮತ್ತು ಜಮ್ಮಾ (ವಂಶಪಾರಂಪರ್ಯವಾಗಿ ಬಂದ ಜಮೀನು) ಹಿಡುವಳಿದಾರರಿಗೆ ಲೈಸೆನ್ಸಿನಿಂದ ಬಿಡುಗಡೆ ಕೊಟ್ಟಿದ್ದಾರೆ. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. 2021ರಲ್ಲಿ ಕರ್ನಾಟಕ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಸರ್ಕಾರ ಕೊಟ್ಟಿದ್ದು, ಆದ್ದರಿಂದ ಅವಧಿ ಹಾಕಿ ಕೊಡಬಹುದು. ಅಮೆರಿಕದವರ ಪಾಲಿಗೆ ಇದು ಸರ್ಕಾರ ಕೊಟ್ಟಿದ್ದೇ ಅಲ್ಲ, ಸರ್ಕಾರ ಮುಟ್ಟಬಾರದ್ದು. ಈ ವ್ಯತ್ಯಾಸ ತಲೆಯಲ್ಲಿ ಇಟ್ಟುಕೊಳ್ಳದಿದ್ದರೆ ಮುಂದಿನದ್ದೆಲ್ಲ ಹುಚ್ಚಾಟ ಅನ್ನಿಸುತ್ತದೆ.

ಕತ್ತರಿಸಿದ ಕೋವಿ

12 ಬೋರು ಅಂದರೆ 12 ಇಂಚೂ ಅಲ್ಲ, 12 ಮಿಲಿಮೀಟರೂ ಅಲ್ಲ. ಒಂದು ಪೌಂಡು ಸೀಸವನ್ನು ಸಮನಾಗಿ 12 ಉಂಡೆ ಮಾಡಿದರೆ ಅದರಲ್ಲಿ ಒಂದು ಉಂಡೆ ಸರಿಯಾಗಿ ಕೂರುವಷ್ಟು ಅಗಲದ ನಳಿಗೆ. ಸುಮಾರು 18.5 ಮಿಲಿಮೀಟರು. ಉಂಡೆಗಳ ಸಂಖ್ಯೆ ಜಾಸ್ತಿಯಾದಷ್ಟೂ ನಳಿಗೆ ಸಣ್ಣದು. ಅದಕ್ಕೇ 16 ಬೋರಿನದ್ದು 12 ಬೋರಿಗಿಂತ ಚಿಕ್ಕದು.

ನಮ್ಮ ಅಜ್ಜನ ಮನೆಯಲ್ಲಿ ಇಂಥದೊಂದು ಜೋಡು ನಳಿಗೆಯ ಕೋವಿ ಇತ್ತು. ಲೈಸೆನ್ಸ್ ಪುಸ್ತಕದಲ್ಲಿ ಡಿಬಿಬಿಎಲ್, ಅಂದರೆ ಹಿಂದಿನಿಂದ ತೋಟಾ ತುಂಬೋ ಜೋಡು ನಳಿಗೆಯದು, ಅಂತ ಬರೆದಿದ್ದರು. ಚುನಾವಣೆ ಬಂತೆಂದರೆ ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ದು ಠಾಣೆಗೆ ಒಪ್ಪಿಸಿ ಬರೋರು. ನನಗೆ ನೆನಪಿರೋದು ಅದರ ಉದ್ದ. ಬಾಗಿಲ ಹಿಂದೆ ನಿಲ್ಲಿಸಿದರೆ ನನ್ನ ತಲೆಗಿಂತ ಎತ್ತರ. ಮೇಲಿನ ಕೀಲಿಯನ್ನು ಹೆಬ್ಬೆರಳಿನಿಂದ ಸರಿಸಿದರೆ ನಳಿಗೆ ಮುಂದಕ್ಕೆ ಬಾಗಿ, ಹಿಂದೆ ಎರಡು ತೂತು ಕಣ್ಣಿನ ಹಾಗೆ ತೆರೆದುಕೊಳ್ಳುತ್ತಿದ್ದವು. ಬಟ್ಟೆ ಸುತ್ತಿದ ಕಡ್ಡಿಯಿಂದ ಎಣ್ಣೆ ಹಚ್ಚಿ ಒರೆಸಿ, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡೋರು.

ಮಾಮೂಲಿ ಬೇಟೆ ಕೋವಿಯ ನಳಿಗೆ 28 ಇಂಚೋ 30 ಇಂಚೋ ಇರುತ್ತದೆ. ಕಬ್ಬಿಣ ಕೊಯ್ಯೋ ಗರಗಸ ಹಿಡಿದು ಕೂತರೆ ಅದನ್ನು ಅರ್ಧಕ್ಕೆ ಇಳಿಸೋದು ಒಂದು ಮಧ್ಯಾಹ್ನದ ಕೆಲಸ. ಕತ್ತರಿಸಿದರೆ ಏನಾಗುತ್ತದೆ? ನಳಿಗೆಯ ತುದಿಯಲ್ಲಿ ಚರೆಯನ್ನು (ತೋಟಾದೊಳಗಿನ ಸಣ್ಣ ಗುಂಡುಗಳನ್ನು) ಒತ್ತಾಗಿ ಕಳಿಸೋದಕ್ಕೆ ಕೊಟ್ಟಿರೋ ಸಣ್ಣ ಬಿಗಿ, ಚೋಕ್ ಅಂತಾರೆ, ಅದು ಹೋಗುತ್ತದೆ. ಚರೆ ಸ್ವಲ್ಪ ಬೇಗ ಚೆದುರುತ್ತದೆ. ಸಿನಿಮಾದಲ್ಲಿ ತೋರಿಸೋ ಹಾಗೆ ಇಡೀ ಕೋಣೆ ತುಂಬ ಏನೂ ಹರಡೋದಿಲ್ಲ. ನಿಜವಾದ ಲಾಭ ಬೇರೆ. ಉದ್ದ ಕೋವಿಯನ್ನು ಕೋಟಿನೊಳಗೆ ಬಚ್ಚಿಡೋದಕ್ಕೆ ಆಗಲ್ಲ, ಗಿಡ್ಡ ಮಾಡಿದ್ದನ್ನು ಇಡಬಹುದು. ಕತ್ತರಿಸೋರಿಗೆ ಬೇಕಾಗಿದ್ದು ಅದೇ, ಕಾನೂನಿಗೆ ಭಯ ಇದ್ದದ್ದೂ ಅದಕ್ಕೇ. ನಮ್ಮ 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮು ಕೂಡ ಲೈಸೆನ್ಸ್ ಇಲ್ಲದೆ ನಳಿಗೆ ಗಿಡ್ಡ ಮಾಡಬಾರದು ಅಂತಲೇ ಹೇಳುತ್ತದೆ.

200 ಡಾಲರಿನ ಉಪಾಯ

1929ರ ಫೆಬ್ರವರಿ 14ರಂದು ಶಿಕಾಗೋದ ನಾರ್ತ್ ಕ್ಲಾರ್ಕ್ ಸ್ಟ್ರೀಟಿನ ಒಂದು ಗ್ಯಾರೇಜಿನಲ್ಲಿ ಏಳು ಜನರನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೊಂದರು. ಬಳಸಿದ್ದು ಥಾಂಪ್ಸನ್ ಮಷೀನ್ ಗನ್ನು ಮತ್ತು ಶಾಟ್‌ಗನ್ನು, ಅಂದರೆ ಚರೆ ಹಾರಿಸೋ ಕೋವಿ. ಥಾಂಪ್ಸನ್ ತಯಾರಾಗಿದ್ದು ಮೊದಲ ಮಹಾಯುದ್ಧದ ಕಂದಕಗಳಿಗೆ. ಅದು ಸಿದ್ಧವಾಗೋ ಹೊತ್ತಿಗೆ ಯುದ್ಧವೇ ಮುಗಿದಿತ್ತು. ಆಮೇಲೆ ಅದನ್ನು ಅಂಗಡಿಗಳಲ್ಲಿ, ಅಂಚೆಯಲ್ಲಿ ಮಾರಿದರು. ಬೆಲೆ ಹೆಚ್ಚುಕಮ್ಮಿ 200 ಡಾಲರು.

1933ರ ಫೆಬ್ರವರಿಯಲ್ಲಿ ಇನ್ನೊಂದು ಘಟನೆ. ಅಧ್ಯಕ್ಷರಾಗಿ ಆಯ್ಕೆಯಾಗಿ ಇನ್ನೂ ಅಧಿಕಾರ ವಹಿಸಿಕೊಳ್ಳದ ರೂಸ್‌ವೆಲ್ಟ್ ಮೇಲೆ ಮಯಾಮಿಯಲ್ಲಿ ಜುಸೆಪ್ಪೆ ಝಾಂಗಾರಾ ಎಂಬಾತ ಗುಂಡು ಹಾರಿಸಿದ. ರೂಸ್‌ವೆಲ್ಟ್ ಉಳಿದರು, ಪಕ್ಕದಲ್ಲಿದ್ದ ಶಿಕಾಗೋ ಮೇಯರ್ ಸತ್ತರು. ಆ ರಿವಾಲ್ವರನ್ನು ಅವನು ಗಿರವಿ ಅಂಗಡಿಯಲ್ಲಿ 8 ಡಾಲರಿಗೆ ತಂದಿದ್ದ.

ರೂಸ್‌ವೆಲ್ಟ್ ಸರ್ಕಾರದ ಅಟಾರ್ನಿ ಜನರಲ್ ಹೋಮರ್ ಕಮಿಂಗ್ಸ್ ಕಾನೂನು ತರೋದಕ್ಕೆ ಹೊರಟರು. ತೊಡಕು ಏನೆಂದರೆ ಅಪರಾಧ, ಪೊಲೀಸು ಎಲ್ಲ ರಾಜ್ಯಗಳ ವಿಷಯ. ಕೇಂದ್ರದ ಸಂಸತ್ತು 'ಇಂಥ ಕೋವಿ ಇಟ್ಟುಕೊಳ್ಳಬೇಡಿ' ಅಂತ ನೇರವಾಗಿ ಹೇಳಿದರೆ ಕೋರ್ಟಿನಲ್ಲಿ ನಿಲ್ಲೋದು ಅನುಮಾನ. ಆದರೆ ತೆರಿಗೆ ಹಾಕೋ ಅಧಿಕಾರ ಇದೆಯಲ್ಲ? ಶಿಕಾಗೋದ ಪಾತಕಿ ಅಲ್ ಕಪೋನ್‌ನನ್ನು ಜೈಲಿಗೆ ಕಳಿಸಿದ್ದೂ ಕೊಲೆಗಲ್ಲ, ಆದಾಯ ತೆರಿಗೆಗೆ. ಹಾಗಾಗಿ 1934ರ ಜೂನ್ 26ರಂದು ಸಹಿಯಾದ ನ್ಯಾಷನಲ್ ಫೈರ್‌ಆರ್ಮ್ಸ್ ಕಾಯ್ದೆ ಹೊರನೋಟಕ್ಕೆ ಒಂದು ತೆರಿಗೆ ಕಾಯ್ದೆ. ಮಷೀನ್ ಗನ್ನು, ಸೈಲೆನ್ಸರು, 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ನು, ರೈಫಲ್ಲು ಒಬ್ಬರಿಂದ ಒಬ್ಬರಿಗೆ ಹೋಗೋವಾಗ 200 ಡಾಲರು ತೆರಿಗೆ, ಜೊತೆಗೆ ನೋಂದಣಿ. ಥಾಂಪ್ಸನ್ನಿನ ಬೆಲೆಯಷ್ಟೇ ತೆರಿಗೆ! ಇವತ್ತಿನ ಲೆಕ್ಕದಲ್ಲಿ ನಾಲ್ಕು ಸಾವಿರ ಡಾಲರಿಗೂ ಜಾಸ್ತಿ. ತಪ್ಪಿದರೆ ಐದು ವರ್ಷದವರೆಗೆ ಜೈಲು.

ಇಲ್ಲಿ ಒಂದು ಸ್ವಾರಸ್ಯ ಇದೆ. ಮೊದಲ ಕರಡಿನಲ್ಲಿ ಪಿಸ್ತೂಲು, ರಿವಾಲ್ವರೂ ಸೇರಿದ್ದವು. ಕೈಕೋವಿಯ ಮೇಲೆ ತೆರಿಗೆ ಬಿದ್ದರೆ ಜನ ಉದ್ದ ಕೋವಿಯನ್ನೇ ಕತ್ತರಿಸಿ ಕೈಕೋವಿಯಂತೆ ಮಾಡಿಕೊಳ್ಳುತ್ತಾರೆ, ಆ ಕಿಂಡಿಯನ್ನೂ ಮುಚ್ಚಬೇಕು ಅಂತ ಗಿಡ್ಡ ನಳಿಗೆಯ ಕಲಮು ಇತ್ತು. ಕೋವಿ ಇಟ್ಟುಕೊಳ್ಳೋರ ಸಂಘವಾದ ನ್ಯಾಷನಲ್ ರೈಫಲ್ ಅಸೋಸಿಯೇಷನ್ ಮತ್ತಿತರರ ಒತ್ತಡಕ್ಕೆ ಕೈಕೋವಿಯನ್ನು ಕರಡಿನಿಂದ ತೆಗೆದುಹಾಕಿದರು. ಆಗ ಆ ಸಂಘದ ಅಧ್ಯಕ್ಷರಾಗಿದ್ದ ಕಾರ್ಲ್ ಫ್ರೆಡರಿಕ್, ಒಲಿಂಪಿಕ್ ಚಿನ್ನ ಗೆದ್ದ ಗುರಿಕಾರ, ಬೇಕಾಬಿಟ್ಟಿ ಕೋವಿ ಹೊತ್ತು ತಿರುಗೋದು ತನಗೂ ಇಷ್ಟವಿಲ್ಲ, ಲೈಸೆನ್ಸ್ ಇರಬೇಕು ಅಂತ ಸಂಸತ್ತಿನ ಸಮಿತಿಯ ಮುಂದೆ ಹೇಳಿದ್ದರು. ಇವತ್ತು ಅದೇ ಸಂಘದವರ ಬಾಯಲ್ಲಿ ಆ ಮಾತನ್ನು ಊಹಿಸೋದೂ ಕಷ್ಟ.

ಅಂತೂ ಬಾಗಿಲು ಕಿತ್ತು ಹಾಕಿದರು, ಕಿಂಡಿ ಮುಚ್ಚೋ ಹಲಗೆ ಮಾತ್ರ ಉಳಿಯಿತು. ರೂಸ್‌ವೆಲ್ಟ್ ಮೇಲೆ ಹಾರಿದ 8 ಡಾಲರಿನ ರಿವಾಲ್ವರಿಗೆ ತೆರಿಗೆ ಇಲ್ಲ. ಕತ್ತರಿಸಿದ ಬೇಟೆ ಕೋವಿಗೆ 200 ಡಾಲರು. ಆ ಹಲಗೆಗೇ ಮಿಲ್ಲರ್ ಮತ್ತು ಲೇಟನ್ ಎಡವಿದ್ದು.

ಫೋರ್ಟ್ ಸ್ಮಿತ್‌ನ ಜಡ್ಜು

ಮಿಲ್ಲರ್ ಸಜ್ಜನ ಏನಲ್ಲ. ಓ'ಮ್ಯಾಲಿ ಎಂಬುವನ ಬ್ಯಾಂಕ್ ದರೋಡೆ ಗುಂಪಿನ ಜೊತೆ ಓಡಾಡಿದ್ದ. ಸಿಕ್ಕಿಬಿದ್ದ ಮೇಲೆ ಜೊತೆಗಾರರ ವಿರುದ್ಧವೇ ಸಾಕ್ಷಿ ಹೇಳಿ ಬಚಾವಾಗಿದ್ದ. ಅಂಥವನಿಗೆ ಊರಲ್ಲಿ ಗಿಡ್ಡ ಕೋವಿ ಯಾಕೆ ಬೇಕಿತ್ತು ಅಂತ ಬಿಡಿಸಿ ಹೇಳಬೇಕಾಗಿಲ್ಲ.

ಕೇಸು ಆರ್ಕನ್ಸಾದ ಫೋರ್ಟ್ ಸ್ಮಿತ್‌ನ ಕೇಂದ್ರ ನ್ಯಾಯಾಲಯಕ್ಕೆ ಬಂತು. ಜಡ್ಜ್ ಹಾರ್ಟ್‌ಸಿಲ್ ರಾಗನ್. ಮೊದಲು ಇಬ್ಬರೂ ತಪ್ಪೊಪ್ಪಿಕೊಳ್ಳೋದಕ್ಕೆ ತಯಾರಾಗಿದ್ದರು. ಜಡ್ಜ್ ಒಪ್ಪಲಿಲ್ಲ! ತಾವೇ ಪಾಲ್ ಗುಟೆನ್ಸನ್ ಎಂಬ ವಕೀಲರನ್ನು ನೇಮಿಸಿ ಕೊಟ್ಟರು. ಗುಟೆನ್ಸನ್ ಡಿಮರರ್ ಹಾಕಿದರು. ಅಂದರೆ 'ಆರೋಪಪಟ್ಟಿಯಲ್ಲಿ ಬರೆದಿದ್ದೆಲ್ಲ ನಿಜ ಅಂತಲೇ ಇಟ್ಟುಕೊಳ್ಳಿ, ಆದರೂ ಇದು ಅಪರಾಧ ಆಗಲ್ಲ, ಕಾಯ್ದೆಯೇ ಸಂವಿಧಾನಕ್ಕೆ ವಿರುದ್ಧ' ಅನ್ನೋ ತಕರಾರು. 1939ರ ಜನವರಿಯಲ್ಲಿ ರಾಗನ್ ಅದನ್ನು ಎತ್ತಿಹಿಡಿದರು. ಎರಡನೇ ತಿದ್ದುಪಡಿಗೆ ಈ ಕಾಯ್ದೆ ವಿರುದ್ಧವಾಗಿದೆ ಅಂದರು. ಯಾಕೆ ಅಂತ ವಿವರಿಸಲೇ ಇಲ್ಲ. ಕೆಲವೇ ಸಾಲಿನ ಆದೇಶ, ಇಬ್ಬರೂ ಬಿಡುಗಡೆ.

ವಿಚಿತ್ರ ಅಲ್ವಾ? ರಾಗನ್ ಮೊದಲು ಸಂಸತ್ತಿನಲ್ಲಿದ್ದವರು, ರೂಸ್‌ವೆಲ್ಟ್ ಕಡೆಯವರು, ಕೋವಿ ನಿಯಂತ್ರಣದ ವಿರೋಧಿಯೇ ಅಲ್ಲ. ಹಾಗಾಗಿ ಅವರು ಬೇಕೆಂದೇ ಹೀಗೆ ಮಾಡಿದರು ಅಂತ ಕೆಲವು ಇತಿಹಾಸಕಾರರು ವಾದಿಸುತ್ತಾರೆ. ಕೆಳಗಿನ ಕೋರ್ಟು ಕಾಯ್ದೆಯನ್ನು ಹೊಡೆದುಹಾಕಿದರೆ ಸರ್ಕಾರ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು. ಎದುರಾಳಿಗಳು ಬಡ ಕಳ್ಳರು, ವಾಷಿಂಗ್ಟನ್ನಿಗೆ ಹೋಗಿ ಹೋರಾಡೋ ತಾಕತ್ತು ಅವರಿಗಿಲ್ಲ. ಸರ್ಕಾರ ಗೆಲ್ಲೋದು ಗ್ಯಾರಂಟಿ. ಜಡ್ಜಿನ ಮನಸ್ಸಿನಲ್ಲಿ ಏನಿತ್ತು ಅಂತ ಕಾಗದದಲ್ಲಿ ಇಲ್ಲ. ಆದರೆ ತಪ್ಪೊಪ್ಪಿಗೆಯನ್ನು ಬೇಡ ಅಂದ ಆ ಒಂದು ಹೆಜ್ಜೆ ನೋಡಿದರೆ ನನಗೂ ಈ ವಾದದ ಕಡೆಗೇ ಮನಸ್ಸು ವಾಲುತ್ತದೆ.

ಖಾಲಿ ಕುರ್ಚಿಯ ಎದುರು ವಾದ

1939ರ ಮಾರ್ಚ್ 30ರಂದು ಸುಪ್ರೀಂ ಕೋರ್ಟಿನಲ್ಲಿ ವಿಚಾರಣೆ. ಸರ್ಕಾರದ ಪರವಾಗಿ ಗಾರ್ಡನ್ ಡೀನ್ ನಿಂತರು. ಎದುರು ಪಕ್ಷದ ಕುರ್ಚಿ ಖಾಲಿ. ಕಕ್ಷಿದಾರರಿಂದ ದುಡ್ಡು ಹುಟ್ಟಲಿಲ್ಲ, ಬರೋದಕ್ಕೆ ಆಗಲ್ಲ, ಸರ್ಕಾರದವರ ಲಿಖಿತ ವಾದವನ್ನೇ ಇಟ್ಟುಕೊಂಡು ತೀರ್ಮಾನ ಮಾಡಿ ಅಂತ ಗುಟೆನ್ಸನ್ ತಂತಿ ಕಳಿಸಿದ್ದರು. ತನ್ನ ಕಡೆಯಿಂದ ಒಂದು ಹಾಳೆಯನ್ನೂ ಕೊಟ್ಟಿರಲಿಲ್ಲ. ಎದುರಾಳಿ ಬರೆದದ್ದನ್ನೇ ಓದಿ ತೀರ್ಪು ಕೊಡಿ ಅನ್ನೋ ವಕೀಲರನ್ನು ನಾನು ಬೇರೆಲ್ಲೂ ಕಂಡಿಲ್ಲ. ಪಾಪ, ಅವರಿಗೂ ಬಿಟ್ಟಿ ಕೇಸು.

ಇದಾಗಿ ಒಂದು ವಾರದೊಳಗೆ, ಏಪ್ರಿಲ್ ಮೊದಲ ವಾರದಲ್ಲಿ, ಒಕ್ಲಹಾಮಾದ ಚೆಲ್ಸಿ ಊರಿನ ಹತ್ತಿರ ಒಂದು ಹಳ್ಳದ ಪಾತ್ರದಲ್ಲಿ ಮಿಲ್ಲರನ ಹೆಣ ಸಿಕ್ಕಿತು. ಗುಂಡೇಟು ಬಿದ್ದಿತ್ತು. ಪಕ್ಕದಲ್ಲೇ ಅವನ .45 ಪಿಸ್ತೂಲು, ಅದರಿಂದ ಮೂರು ಗುಂಡು ಹಾರಿದ್ದವು. ಗಿಡ್ಡ ಕೋವಿಯ ಹಕ್ಕಿನ ಬಗ್ಗೆ ವಾಷಿಂಗ್ಟನ್ನಿನಲ್ಲಿ ತೀರ್ಪು ಬರೆಯೋ ಹೊತ್ತಿಗೆ ಆ ಹಕ್ಕಿನ ವಾರಸುದಾರ ಬದುಕಿರಲಿಲ್ಲ.

ಮೇ 15ರಂದು ತೀರ್ಪು ಬಂತು. ಎಂಟು ಜಡ್ಜುಗಳೂ ಒಂದೇ ಕಡೆ. ಒಂಬತ್ತನೆಯವರಾದ ವಿಲಿಯಂ ಡಗ್ಲಸ್ ಆಗಷ್ಟೇ ಸೇರಿದ್ದರಿಂದ ಭಾಗವಹಿಸಲಿಲ್ಲ. ಬರೆದವರು ಜೇಮ್ಸ್ ಮೆಕ್‌ರೆನಾಲ್ಡ್ಸ್. ಸಿಡುಕಿಗೆ ಹೆಸರಾದವರು, ರೂಸ್‌ವೆಲ್ಟ್ ಕಂಡರಾಗದವರು. ತೀರ್ಪು ಚಿಕ್ಕದು. ಅದರಲ್ಲಿ ಬಹುಪಾಲು ಹಳೇ ಮ್ಯಾಸಚೂಸೆಟ್ಸ್, ನ್ಯೂಯಾರ್ಕ್, ವರ್ಜೀನಿಯಾಗಳ ನಾಗರಿಕ ಪಡೆಯ ಕಾನೂನುಗಳ ಉದ್ಧರಣೆ. ಯಾರ ಹತ್ತಿರ ಯಾವ ಬಂದೂಕು ಇರಬೇಕಿತ್ತು, ಎಷ್ಟು ಮದ್ದು ಇರಬೇಕಿತ್ತು ಅನ್ನೋ ಪಟ್ಟಿಗಳು.

ಎಲ್ಲಕ್ಕೂ ಮುಖ್ಯವಾದ ಸಾಲಿನ ತಾತ್ಪರ್ಯ ಹೀಗಿದೆ. 18 ಇಂಚಿಗಿಂತ ಗಿಡ್ಡ ನಳಿಗೆಯ ಶಾಟ್‌ಗನ್ನಿಗೂ ಶಿಸ್ತಿನ ನಾಗರಿಕ ಪಡೆಯ ಉಳಿವು ಅಥವಾ ಸಾಮರ್ಥ್ಯಕ್ಕೂ ಏನಾದರೂ ನಂಟು ಇದೆ ಅಂತ ತೋರಿಸೋ ಸಾಕ್ಷ್ಯ ನಮ್ಮ ಮುಂದೆ ಇಲ್ಲ. ಆದ್ದರಿಂದ ಇಂಥ ಆಯುಧ ಇಟ್ಟುಕೊಳ್ಳೋ ಹಕ್ಕನ್ನು ಎರಡನೇ ತಿದ್ದುಪಡಿ ಕಾಪಾಡುತ್ತದೆ ಅಂತ ಹೇಳಲಾರೆವು. ಇದು ಸೈನ್ಯದ ಸಾಮಾನ್ಯ ಸಲಕರಣೆ ಅನ್ನೋದು ಕೋರ್ಟು ತಾನಾಗಿಯೇ ತಿಳಿದುಕೊಳ್ಳುವಂಥ ಸಂಗತಿಯೂ ಅಲ್ಲ.

'ಸಾಕ್ಷ್ಯ ಇಲ್ಲ.' ನನ್ನ ಪ್ರಕಾರ ಇಡೀ ಕೇಸಿನ ಗಂಟು ಇರೋದು ಈ ಮಾತಿನಲ್ಲಿ. ಸಾಕ್ಷ್ಯ ಎಲ್ಲಿಂದ ಬರಬೇಕು? ಕೆಳಗಿನ ಕೋರ್ಟಿನಲ್ಲಿ ಸಾಕ್ಷಿ ವಿಚಾರಣೆಯೇ ಆಗಿರಲಿಲ್ಲ. ಡಿಮರರ್ ಹಂತದಲ್ಲೇ ಕೇಸು ಮುಗಿದಿತ್ತು. ಮೇಲಿನ ಕೋರ್ಟಿನಲ್ಲಿ ಹೇಳೋರು ಯಾರೂ ಇರಲಿಲ್ಲ. ಊಟಕ್ಕೆ ಎಲೆಯನ್ನೇ ಹಾಕದೆ, ಎಲೆ ಖಾಲಿ ಇದೆ, ಹಾಗಾಗಿ ಇವನಿಗೆ ಹಸಿವಿಲ್ಲ ಅಂದ ಹಾಗಾಯಿತು.

ಸರಿ, ಯಾರಾದರೂ ಬಂದಿದ್ದರೆ ಏನು ಹೇಳಬಹುದಿತ್ತು? ಹೇಳೋದಕ್ಕೆ ಬೇಕಾದಷ್ಟಿತ್ತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯ ವಿಂಚೆಸ್ಟರ್ 1897 ಮಾದರಿಯ ಶಾಟ್‌ಗನ್ನನ್ನು ಗಿಡ್ಡ ನಳಿಗೆ, ಬಯೊನೆಟ್ಟು ಸಮೇತ ಫ್ರಾನ್ಸಿನ ಕಂದಕಗಳಿಗೆ ಒಯ್ದಿತ್ತು. ಅದರ ಹೊಡೆತ ತಾಳಲಾರದೆ 1918ರ ಸೆಪ್ಟೆಂಬರಿನಲ್ಲಿ ಜರ್ಮನಿ ಅಧಿಕೃತವಾಗಿ ಪ್ರತಿಭಟನೆಯನ್ನೇ ಸಲ್ಲಿಸಿತ್ತು. ವಿಷಾನಿಲ ಬಿಟ್ಟವರೇ ಕೋವಿ ಕ್ರೂರ ಅಂತ ದೂರು ಕೊಟ್ಟರು. ಇದು ಗುಟ್ಟಿನ ವಿಷಯ ಏನಲ್ಲ. ಆದರೆ ಈ ವಾದವೂ ಸಲೀಸಾಗಿ ನಿಲ್ಲುತ್ತಿರಲಿಲ್ಲ. ಕಂದಕದ ಕೋವಿಯ ನಳಿಗೆ 20 ಇಂಚು, ಕಾಯ್ದೆಯ ಗೆರೆ 18. ಗಾರ್ಡನ್ ಡೀನ್ ಎದ್ದು ನಿಂತು ಅದನ್ನೇ ತೋರಿಸುತ್ತಿದ್ದರು. ಎರಡು ಇಂಚಿನ ಮೇಲೆ ಒಳ್ಳೇ ಜಟಾಪಟಿ ಆಗುತ್ತಿತ್ತು. ಆ ಜಟಾಪಟಿ ಆಗಿದ್ದರೆ ಮುಂದಿನವರಿಗೆ ಹಿಡಿದು ನಡೆಯೋದಕ್ಕೆ ಏನಾದರೂ ಸಿಗುತ್ತಿತ್ತು.

ಕೋರ್ಟು ಕೇಸನ್ನು ಮುಂದಿನ ವಿಚಾರಣೆಗೆ ವಾಪಸ್ ಫೋರ್ಟ್ ಸ್ಮಿತ್‌ಗೆ ಕಳಿಸಿತು. ಸಾಕ್ಷ್ಯ ತರೋದಕ್ಕೆ ಇನ್ನೊಂದು ಅವಕಾಶ ಇತ್ತು. ಮಿಲ್ಲರ್ ಸತ್ತಿದ್ದ. ಲೇಟನ್ ತಪ್ಪೊಪ್ಪಿಕೊಂಡ, ಜೈಲಿಲ್ಲದೆ ಪ್ರೊಬೇಷನ್ನಿನಲ್ಲಿ, ಅಂದರೆ ಒಳ್ಳೇ ನಡತೆಯ ಷರತ್ತಿನ ಮೇಲೆ, ಮುಗಿಯಿತು. ಈ ಸಲ ಅದೇ ಜಡ್ಜ್ ರಾಗನ್ ತಪ್ಪೊಪ್ಪಿಗೆಯನ್ನು ಒಪ್ಪಿಕೊಂಡರು.

ಒಂದೇ ತೀರ್ಪು, ಎರಡು ಓದು

ಮುಂದಿನ ದಶಕಗಳಲ್ಲಿ ಕೆಳಗಿನ ಕೋರ್ಟುಗಳು ಮಿಲ್ಲರ್ ತೀರ್ಪನ್ನು ಹೆಚ್ಚಾಗಿ ಸರ್ಕಾರದ ಪರ ಓದಿದವು. ಪಡೆಗೆ ಸಂಬಂಧವಿಲ್ಲದ ಕೋವಿಗೆ ರಕ್ಷಣೆ ಇಲ್ಲ, ಮುಗಿಯಿತು. ಆದರೆ ತಿರುಗಿಸಿ ಓದಿದರೆ? ಸೈನ್ಯಕ್ಕೆ ಉಪಯೋಗ ಇರೋ ಆಯುಧಕ್ಕೆ ರಕ್ಷಣೆ ಇದೆ ಅಂತಾಗುತ್ತದೆ. ಹಾಗಾದರೆ ಗಿಡ್ಡ ಬೇಟೆ ಕೋವಿ ನಿಷಿದ್ಧ, ಮಷೀನ್ ಗನ್ನು ಹಕ್ಕು! 1942ರಲ್ಲೇ ಒಂದು ಮೇಲ್ಮನವಿ ನ್ಯಾಯಾಲಯ ಈ ಇಕ್ಕಟ್ಟನ್ನು ಗುರುತಿಸಿತು. ಮಿಲ್ಲರನ್ನು ಅಕ್ಷರಶಃ ಹಿಡಿದರೆ ಜನ ಟ್ಯಾಂಕ್ ಹೊಡೆಯೋ ಫಿರಂಗಿ ಇಟ್ಟುಕೊಂಡರೂ ತಡೆಯೋ ಹಾಗಿಲ್ಲ ಅಂತ ಹೇಳಿ, ಅಷ್ಟು ದೂರ ಹೋಗಲು ಒಪ್ಪಲಿಲ್ಲ.

ಲೆಕ್ಕ ಇತ್ಯರ್ಥಕ್ಕೆ ಬಂದಿದ್ದು 2008ರ ಜೂನ್ 26ರಂದು. 1934ರ ಕಾಯ್ದೆಗೆ ಸಹಿ ಬಿದ್ದು ಸರಿಯಾಗಿ 74 ವರ್ಷ. ಡಿಕ್ ಹೆಲ್ಲರ್ ವಾಷಿಂಗ್ಟನ್ನಿನ ಸರ್ಕಾರಿ ಕಟ್ಟಡದಲ್ಲಿ ಕಾವಲಿನ ಕೆಲಸಕ್ಕಿದ್ದವರು. ಡ್ಯೂಟಿಯಲ್ಲಿ ಸೊಂಟಕ್ಕೆ ಪಿಸ್ತೂಲು, ಮನೆಯಲ್ಲಿ ಇಟ್ಟುಕೊಳ್ಳೋದಕ್ಕೆ ಮಾತ್ರ 1976ರ ನಗರ ಕಾನೂನಿನ ಅಡ್ಡಿ. ಅವರು ಹಾಕಿದ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಈ ಸಲ ಕುರ್ಚಿ ಖಾಲಿ ಇರಲಿಲ್ಲ. ಎರಡೂ ಕಡೆ ಹತ್ತಾರು ಸಂಘಸಂಸ್ಥೆಗಳು ಲಿಖಿತ ವಾದ ಕೊಟ್ಟವು. ಐದು-ನಾಲ್ಕರ ಬಹುಮತದಲ್ಲಿ ಜಸ್ಟಿಸ್ ಆಂಟೊನಿನ್ ಸ್ಕಲಿಯಾ ಬರೆದರು: ಇದು ಪಡೆಗೆ ಕಟ್ಟುಬಿದ್ದ ಹಕ್ಕಲ್ಲ, ಮನೆಯಲ್ಲಿ ಆತ್ಮರಕ್ಷಣೆಗೆ ಕೋವಿ ಇಟ್ಟುಕೊಳ್ಳೋ ವ್ಯಕ್ತಿಯ ಹಕ್ಕು.

ಹಾಗಾದರೆ ಮಿಲ್ಲರ್? ಭಿನ್ನಮತ ಬರೆದ ಜಸ್ಟಿಸ್ ಜಾನ್ ಪಾಲ್ ಸ್ಟೀವನ್ಸ್ (ಕೋವಿ ಕಂಪನಿಯ ಹೆಸರೂ ಅದೇ, ಕಾಕತಾಳೀಯ) ಮಿಲ್ಲರನ್ನೇ ಊರುಗೋಲು ಮಾಡಿಕೊಂಡರು. ನೂರಾರು ಜಡ್ಜುಗಳು ಎಪ್ಪತ್ತು ವರ್ಷ ನಂಬಿಕೊಂಡು ಬಂದ ತೀರ್ಪು, ಅದನ್ನು ಬದಿಗೆ ಸರಿಸೋದು ಸರಿಯಲ್ಲ ಅಂದರು. ಸ್ಕಲಿಯಾ ಬದಿಗೆ ಸರಿಸಲೂ ಇಲ್ಲ, ಬೇರೆ ಥರ ಓದಿದರು. ಮಿಲ್ಲರ್ ಹೇಳಿದ್ದು ಯಾರಿಗೆ ಹಕ್ಕು ಅಂತಲ್ಲ, ಯಾವ ಆಯುಧಕ್ಕೆ ಅಂತ. ಕಾನೂನು ಪಾಲಿಸೋ ಜನ ಮಾಮೂಲಿಯಾಗಿ ಇಟ್ಟುಕೊಳ್ಳದ ಆಯುಧಕ್ಕೆ ರಕ್ಷಣೆ ಇಲ್ಲ, ಗಿಡ್ಡ ಶಾಟ್‌ಗನ್ನು ಅಂಥದು, ಅಷ್ಟೇ. ಎದುರು ಪಕ್ಷವೇ ಬಾರದ ಕೇಸಿನ ಮೇಲೆ ಇಷ್ಟು ಭಾರ ಹೇರಬೇಡಿ ಅಂತಲೂ ಚುಚ್ಚಿದರು. ಮೆಕ್‌ರೆನಾಲ್ಡ್ಸ್ ಎಲ್ಲೋ ಮಧ್ಯದಲ್ಲಿ, ಪಡೆಗೆ ಬರೋರು ಆ ಕಾಲದಲ್ಲಿ ಸಾಮಾನ್ಯ ಬಳಕೆಯಲ್ಲಿದ್ದ ಆಯುಧವನ್ನು ತಾವೇ ತರಬೇಕಿತ್ತು ಅಂತ ಬರೆದಿದ್ದರು. ಆ 'ಸಾಮಾನ್ಯ ಬಳಕೆ' ಅನ್ನೋ ಎರಡು ಪದ ಸ್ಕಲಿಯಾ ಕೈಯಲ್ಲಿ ಹೊಸ ಅಳತೆಗೋಲಾಯಿತು.

ಈ ಅಳತೆಗೋಲಿನಲ್ಲೂ ಒಂದು ಬಿರುಕಿದೆ. ಸರ್ಕಾರ 1934ರಲ್ಲೇ ಒಂದು ಆಯುಧಕ್ಕೆ ಅಡ್ಡಿ ಹಾಕಿದರೆ ಅದು ಸಾಮಾನ್ಯ ಬಳಕೆಗೆ ಬರೋದಾದರೂ ಹೇಗೆ? ಬಳಕೆಗೆ ಬರಲಿಲ್ಲ, ಹಾಗಾಗಿ ಅಡ್ಡಿ ಸರಿ ಅನ್ನೋದು ಸುತ್ತು ಹಾಕಿ ಅಲ್ಲಿಗೇ ಬಂದ ಹಾಗೆ. 1934ರಲ್ಲಿ ಕೈಕೋವಿ ಪಟ್ಟಿಯಲ್ಲಿ ಉಳಿದಿದ್ದರೆ ಇವತ್ತು ಹೆಲ್ಲರ್ ಅವರ ಪಿಸ್ತೂಲೇ ಅಪರೂಪದ ಆಯುಧ ಆಗಿರುತ್ತಿತ್ತೇನೋ.

ನಂತರದ್ದು ಬೇಗ ಹೇಳಿಬಿಡುತ್ತೇನೆ. 2010ರಲ್ಲಿ ಮೆಕ್‌ಡೊನಾಲ್ಡ್ ಕೇಸಿನಲ್ಲಿ ಈ ಹಕ್ಕು ರಾಜ್ಯ, ನಗರಗಳ ಮೇಲೂ ಅನ್ವಯ ಆಯಿತು. 2022ರ ಬ್ರೂಯೆನ್ ತೀರ್ಪು, ಇವತ್ತಿನ ಕೋವಿ ಕಾನೂನು ನಿಲ್ಲಬೇಕಾದರೆ ಹಳೇ ಕಾಲದ ಸಂಪ್ರದಾಯದಲ್ಲಿ ಅದಕ್ಕೆ ಹೋಲಿಕೆ ತೋರಿಸಬೇಕು ಅಂದಿತು. ಆವತ್ತಿನಿಂದ ವಕೀಲರು ಇತಿಹಾಸದ ಕಡತಗಳಲ್ಲಿ ಮುಳುಗಿದ್ದಾರೆ. ಅರಿಜೋನಾದ ಟೂಂಬ್‌ಸ್ಟೋನ್ ಪಟ್ಟಣದ 1881ರ 9ನೇ ಆಜ್ಞೆಯಂಥವು ಈಗ ಕೆಲಸಕ್ಕೆ ಬರುತ್ತವೆ. ಊರೊಳಗೆ ಕೋವಿ ಹೊತ್ತು ತಿರುಗಬಾರದು ಅನ್ನೋ ಆಜ್ಞೆ ಅದು. ಅದೇ ಊರಿನ ಓ.ಕೆ. ಕೊರಾಲ್‌ನ ಹೆಸರಾಂತ ಗುಂಡಿನ ಕಾಳಗ ಶುರುವಾಗಿದ್ದೇ ಅದನ್ನು ಜಾರಿ ಮಾಡೋದಕ್ಕೆ ಹೋಗಿ. 2024ರ ರಹೀಮಿ ಕೇಸಿನಲ್ಲಿ, ಕೌಟುಂಬಿಕ ಹಿಂಸೆಯ ಕಾರಣ ಕೋರ್ಟಿನ ತಡೆಯಾಜ್ಞೆ ಇರುವವರಿಂದ ಕೋವಿ ದೂರ ಇಡಬಹುದು ಅಂತ ಎಂಟು-ಒಂದರಲ್ಲಿ ತೀರ್ಮಾನ ಆಯಿತು.

ಮತ್ತೆ ಕ್ಲೇರ್‌ಮೋರ್

ಇಷ್ಟಾದರೂ ಮಿಲ್ಲರನ ಗಿಡ್ಡ ನಳಿಗೆ ಮಾತ್ರ ಅಲ್ಲೇ ನಿಂತಿದೆ. ರೈಫಲ್ಲಿನ ಗೆರೆಯನ್ನು 1960ರಲ್ಲಿ 16 ಇಂಚಿಗೆ ಇಳಿಸಿದರು, ಶಾಟ್‌ಗನ್ನಿನ 18 ಹಾಗೇ ಇದೆ. ಹಳೇ ಕೋವಿ ಅಂತ ತಪ್ಪಿಸಿಕೊಳ್ಳೋದೂ ಸುಲಭ ಅಲ್ಲ. 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿಗಳಿಗೆ ಪುರಾತನ ಅನ್ನೋ ಹೆಸರಿನಲ್ಲಿ ಎಷ್ಟೋ ಕಟ್ಟಳೆಗಳಿಂದ ಬಿಡುಗಡೆ ಇದೆ. ಆದರೆ 1934ರ ಕಾಯ್ದೆಯಲ್ಲಿ ಇನ್ನೊಂದು ಷರತ್ತು: ಅದಕ್ಕೆ ಹಾಕೋ ತೋಟಾ ಈಗ ಅಂಗಡಿಯಲ್ಲಿ ಮಾಮೂಲಿಯಾಗಿ ಸಿಗಬಾರದು. 12 ಬೋರಿನ ತೋಟಾ ಎಲ್ಲ ಕಡೆ ಸಿಗುತ್ತದೆ.

ತಮಾಷೆ ನೋಡಿ, ಮಿಲ್ಲರ್ ಹೊರಟ ಆ ಕ್ಲೇರ್‌ಮೋರ್ ಊರು ಇವತ್ತು ಹೆಸರುವಾಸಿಯಾಗಿರೋದೂ ಕೋವಿಗೇ. ಅಲ್ಲಿನ ಮೇಸನ್ ಹೋಟೆಲಿನ ಮಾಲೀಕ ಜೆ.ಎಂ. ಡೇವಿಸ್ ಜೀವನಪೂರ್ತಿ ಕೋವಿ ಕೂಡಿಹಾಕಿದರು. ಚಿಕ್ಕವರಿದ್ದಾಗ ಔಷಧಿ ಕುಡಿಯೋದಕ್ಕೆ ಹಟ ಮಾಡಿದಾಗ, ಕುಡಿದರೆ ಕೋವಿ ಕೊಡಿಸ್ತೀನಿ ಅಂತ ಅಪ್ಪ ಪುಸಲಾಯಿಸಿದ್ದೇ ಶುರು ಅಂತ ಹೇಳುತ್ತಾರೆ. ಹೋಟೆಲಿನ ಗೋಡೆಗಳೆಲ್ಲ ಕೋವಿ. 1969ರಿಂದ ಅವೆಲ್ಲ ಅವರ ಹೆಸರಿನ ಮ್ಯೂಸಿಯಮ್ಮಿನಲ್ಲಿವೆ. 12,000ಕ್ಕೂ ಜಾಸ್ತಿ ಕೋವಿ, ಗಾಜಿನ ಹಿಂದೆ, ಚೀಟಿ ಅಂಟಿಸಿಕೊಂಡು.

200 ಡಾಲರಿನ ತೆರಿಗೆಯನ್ನು 90 ವರ್ಷ ಯಾರೂ ಏರಿಸಲೂ ಇಲ್ಲ, ಇಳಿಸಲೂ ಇಲ್ಲ. 2025ರ ಜುಲೈನಲ್ಲಿ ಸಹಿಯಾದ ದೊಡ್ಡ ತೆರಿಗೆ ಕಾಯ್ದೆಯೊಂದರಲ್ಲಿ ಸೈಲೆನ್ಸರಿಗೂ ಗಿಡ್ಡ ನಳಿಗೆಯ ಕೋವಿಗಳಿಗೂ ಅದನ್ನು ಸೊನ್ನೆ ಮಾಡಿದರು. 2026ರ ಜನವರಿ 1ರಿಂದ ಜಾರಿ. ಮಷೀನ್ ಗನ್ನಿಗೆ, ಬಾಂಬು-ಗ್ರೆನೇಡಿನಂಥವಕ್ಕೆ ಮಾತ್ರ 200 ಹಾಗೇ ಉಳಿಯಿತು. ತೆರಿಗೆಯೇ ಇಲ್ಲದ ಮೇಲೆ ತೆರಿಗೆ ಕಾಯ್ದೆಯ ಹೆಸರಿನಲ್ಲಿ ನೋಂದಣಿ ಯಾಕೆ ಅಂತ ಆಗಲೇ ಕೇಸುಗಳು ಬಿದ್ದಿವೆ. ಈ ಸಲ ಎರಡೂ ಕಡೆ ವಕೀಲರಿದ್ದಾರೆ.

ಅಲ್ಲಿಯವರೆಗೆ ನೋಂದಣಿ, ಬೆರಳಚ್ಚು, ಫೋಟೋ ಎಲ್ಲ ಬೇಕು. ಅಂಥದೇ ಗಿಡ್ಡ ಸ್ಟೀವನ್ಸ್ ಹಿಡಿದು ಕ್ಲೇರ್‌ಮೋರ್‌ನಿಂದ ಸೈಲೋಮ್ ಸ್ಪ್ರಿಂಗ್ಸ್‌ಗೆ ಯಾರಾದರೂ ಹೊರಟರೆ ತೆರಿಗೆ ಏನೂ ಇಲ್ಲ. ರಾಜ್ಯದ ಗಡಿ ದಾಟಿಸೋ ಮೊದಲು ಮಾತ್ರ ಕೇಂದ್ರದ ಇಲಾಖೆಗೆ ಅರ್ಜಿ ಹಾಕಿ ಒಪ್ಪಿಗೆ ತಗೋಬೇಕು.